ಒಲೆ ಹಚ್ಚದ ಕೇಕು

ಫ್ರಿಜ್ಜು ದೊಡ್ಡದಿರುವವರ ಮನೆಗೆ ಬೇಸಿಗೆಯಲ್ಲಿ ನೆಂಟರು ಜಾಸ್ತಿ. ಎರಡು ಬಾಗಿಲಿನ ಫ್ರಿಜ್ಜು ಕೊಳ್ಳುವಾಗ ಅಂಗಡಿಯವರು ಕಂತು ಎಷ್ಟು, ವಾರಂಟಿ ಎಷ್ಟು ಅಂತ ಹೇಳುತ್ತಾರೆಯೇ ಹೊರತು ಇದನ್ನು ಹೇಳುವುದಿಲ್ಲ. ನಮ್ಮ ಮನೆ ಇರುವುದು ಹುಣಸೂರಿನಲ್ಲಿ. ಅಕ್ಕನನ್ನು ಕೊಟ್ಟಿರುವುದು ಪಿರಿಯಾಪಟ್ಟಣದ ಕಡೆಗೆ, ನನ್ನ ಹೆಂಡತಿಯ ತವರು ಕೆ.ಆರ್. ನಗರ, ಷಡ್ಡಕ ಎಚ್.ಡಿ. ಕೋಟೆಯವನು. ಮೂರು ದಿಕ್ಕಿನಿಂದಲೂ ಬಸ್ಸು ಹತ್ತಿದರೆ ಹೆಚ್ಚೆಂದರೆ ಗಂಟೆಯೊತ್ತಿನ ದಾರಿ. ಹೀಗಾಗಿ ಯುಗಾದಿ ಬಂತೆಂದರೆ ನಾಲ್ಕು ತಾಲ್ಲೂಕುಗಳ ಜಂಟಿ ಅಧಿವೇಶನ ನಮ್ಮ ಹಜಾರದಲ್ಲೇ.

ಈ ಸಲದ ಅಧಿವೇಶನಕ್ಕೆ ಅಕ್ಕನ ಮಗಳು ಒಂದು ನಿರ್ಣಯ ಮಂಡಿಸಿದಳು. ಮೈಸೂರಿನ ಹಾಸ್ಟೆಲಿನಲ್ಲಿದ್ದು ಓದುವ ಹುಡುಗಿ. ಗೆಳತಿಯರ ಜೊತೆ ಬೈಲುಕುಪ್ಪೆಯ ಗೋಲ್ಡನ್ ಟೆಂಪಲ್ ನೋಡಲು ಹೋದವಳು ಅಲ್ಲೇ ಪಕ್ಕದ ಕೆಫೆಯೊಂದರಲ್ಲಿ ಹಣ್ಣಿನ ಕೇಕು ತಿಂದು ಬಂದಿದ್ದಳು. ತಳದಲ್ಲಿ ಬಿಸ್ಕತ್ತು, ನಡುವೆ ಬೆಳ್ಳಗೆ ಕೆನೆ, ಮೇಲೆ ಗಾಜಿನಂತೆ ಹೊಳೆಯುವ ಹಣ್ಣಿನ ಪದರ, ಬಾಯಿಗಿಟ್ಟರೆ ತಣ್ಣಗೆ. "ಹೊಸತೊಡಕಿನ ದಿನ ಊಟ ಆದ್ಮೇಲೆ ನಾನು ಇದನ್ನೇ ಮಾಡ್ತೀನಿ. ಮಾವ, ನಿಮ್ಮನೆ ಫ್ರಿಜ್ ದೊಡ್ಡದಲ್ವಾ?" ಅಂದಳು. 1961ರಿಂದ ಅಲ್ಲಿ ನೆಲೆಸಿ ನಮ್ಮ ಬಿಸಿಲನ್ನು ಸಹಿಸಿಕೊಂಡು ಬಂದಿರುವ ಟಿಬೆಟಿನವರಿಗೆ ತಣ್ಣನೆಯ ತಿಂಡಿಯ ನೆನಪು ಬರುವುದು ನ್ಯಾಯ. ನಮಗೇಕೆ ಬೇಕು ಅಂತ ಕೇಳುವಷ್ಟರಲ್ಲಿ ನನ್ನ ಹೆಂಡತಿ ಒಪ್ಪಿಗೆ ಕೊಟ್ಟಾಗಿತ್ತು.

ಮೊದಲ ಆಕ್ಷೇಪಣೆ ಹುಡುಗಿಯ ಅಪ್ಪನದು, ಅಂದರೆ ನಮ್ಮ ಭಾವನದು. "ಕೇಕಿಗೆ ಓವನ್ನೂ ಬ್ಯಾಡ, ಒಲೆಯೂ ಬ್ಯಾಡ ಅಂದ್ರೆ ಅದೆಂಗ್ ಮಗ ಬೇಯ್ತದೆ?"

"ಬೇಯಲ್ಲ ಅಪ್ಪ, ಸೆಟ್ ಆಗುತ್ತೆ."

ಭಾವನಿಗೆ ಇದು ಅರಗಲಿಲ್ಲ. ಅವರನ್ನು ಆಡಿಕೊಳ್ಳುವಂತೆಯೂ ಇಲ್ಲ. ಹುಣಸೂರು–ಪಿರಿಯಾಪಟ್ಟಣದ ಹೊಗೆಸೊಪ್ಪಿನ ರೈತನಷ್ಟು ಶಾಖದ ಸೂಕ್ಷ್ಮ ಬಲ್ಲವರು ಬೇಕರಿಯವರಲ್ಲೂ ಇರಲಾರರು. ಬ್ಯಾರನ್ನಿಗೆ, ಅಂದರೆ ಸೊಪ್ಪು ಒಣಗಿಸುವ ಮನೆಗೆ, ಸೊಪ್ಪು ಏರಿಸಿದ ಮೇಲೆ ಎಲೆ ಹಳದಿಗೆ ತಿರುಗುವ ತನಕ 35 ಡಿಗ್ರಿಯ ಆಸುಪಾಸಿನಲ್ಲಿ ಕಾಯಬೇಕು. ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತ ನಡುದಂಟು ಒಣಗುವ ಹೊತ್ತಿಗೆ 70ರ ಗಡಿ ಮುಟ್ಟಿಸಬೇಕು. ಐದಾರು ದಿನ ಹಗಲೂ ರಾತ್ರಿ ಉರಿ ಆರಬಾರದು, ಏರಲೂಬಾರದು. ನಿದ್ದೆಗಣ್ಣಿನಲ್ಲಿ ಒಂದು ಕೊರಡು ಹೆಚ್ಚಿಗೆ ತಳ್ಳಿದರೆ ಬ್ರೈಟ್ ಗ್ರೇಡಿಗೆ ಹೋಗಬೇಕಾದ ಸೊಪ್ಪು ಕಂದು ತಿರುಗಿ ಹರಾಜು ಕಟ್ಟೆಯಲ್ಲಿ ಅನಾಥವಾಗುತ್ತದೆ. ಅಂಥ ಬೆಂಕಿಯ ಪಂಡಿತನ ಮುಂದೆ ಮಗಳು ನಿಂತು, ಬೆಂಕಿಯೇ ಬೇಡ, ಬಾಗಿಲು ಮುಚ್ಚಿದರೆ ಸಾಕು, ತಾನಾಗೇ ಆಗುತ್ತೆ ಅಂದರೆ ಅದು ಅವಮಾನವಲ್ಲದೆ ಇನ್ನೇನು?

ನಮ್ಮ ಕಡೆ ಇನ್ನೂ ಒಂದು ಗ್ರಹಿಕೆ ಇದೆ. ಒಲೆಗೆ ಹತ್ತಿಸದೆ ಕೊಟ್ಟದ್ದು ಉಪಚಾರವಾಗಬಹುದು, ಊಟವಾಗುವುದಿಲ್ಲ. ಶ್ರೀರಾಮನವಮಿಯ ಪಾನಕ, ಕೋಸಂಬರಿ, ನೀರುಮಜ್ಜಿಗೆ, ಬಾಳೆಹಣ್ಣಿನ ರಸಾಯನ ಎಲ್ಲವೂ ತಂಪು, ಎಲ್ಲವೂ ರುಚಿ, ಆದರೆ ಅವನ್ನು ತಿಂದು ಯಾರೂ "ಊಟ ಆಯ್ತು" ಅನ್ನುವುದಿಲ್ಲ. ಕೆ.ಆರ್. ನಗರದ ನಮ್ಮ ಮಾವನವರು ಕಾವೇರಿ ನಾಲೆಯ ಕೆಳಗೆ ಭತ್ತ ಬೆಳೆದವರು. "ಕರಬೂಜದ ಪಾನಕ ಇರುವಾಗ ಅದನ್ನ ಗಟ್ಟಿ ಮಾಡೋಕೆ ಯಾಕೆ ಇಷ್ಟು ಒದ್ದಾಟ?" ಅಂತ ಅವರು ಫೋನಿನಲ್ಲೇ ಕೇಳಿದರು. ಪ್ರಶ್ನೆ ಚೆನ್ನಾಗಿತ್ತು. ಉತ್ತರ ಯಾರ ಹತ್ತಿರವೂ ಇರಲಿಲ್ಲ.

ಹಬ್ಬಕ್ಕೆ ಮುಂಚಿನ ಭಾನುವಾರ ಟ್ರಯಲ್ ಅಂತ ಹುಡುಗಿ ಬಂದಳು. ಅವತ್ತು ಮನೆಯಲ್ಲಿ ಕಾಲ್ ಸೂಪ್ ಮಾಡಿದ್ದು ಒಂದು ಪಾತ್ರೆ ಮಿಕ್ಕಿತ್ತು. ಫ್ರಿಜ್ಜಿನ ಮೇಲಿನ ಅಂತಸ್ತಿನಲ್ಲಿ ಕೇಕು, ಕೆಳಗಿನ ಅಂತಸ್ತಿನಲ್ಲಿ ಸೂಪು, ಪಕ್ಕದಲ್ಲಿ ದೋಸೆ ಹಿಟ್ಟು, ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆ, ಅವ್ವನ ಇನ್ಸುಲಿನ್ನು, ಭಾವ ಸಸಿಮಡಿಗೆ ಚೆಲ್ಲಿ ಉಳಿಸಿಟ್ಟ ಹೊಗೆಸೊಪ್ಪಿನ ಬೀಜದ ಡಬ್ಬಿ. ಈ ಡಬ್ಬಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಹೊಗೆಸೊಪ್ಪಿನ ಬೀಜ ಒಂದು ಗ್ರಾಮಿಗೆ ಹತ್ತು ಸಾವಿರ ತೂಗುವಷ್ಟು ಸಣ್ಣ, ನೋಡಲು ಕಂದು ಪುಡಿ. ಕೇಕಿನ ಮೇಲೆ ಉದುರಿಸಲು ಕಾಮಕಸ್ತೂರಿ ಬೀಜ ಹುಡುಕುತ್ತಿದ್ದ ಹುಡುಗಿ ಅದರ ಮುಚ್ಚಳಕ್ಕೆ ಕೈ ಹಾಕಿದ್ದಳು. ನನ್ನ ಹೆಂಡತಿ ಕೂಗಿಕೊಳ್ಳದಿದ್ದರೆ ನಮ್ಮ ಮನೆತನದ ಕೇಕು ಶಾಸನವಿಧಿಸಿದ ಎಚ್ಚರಿಕೆಯ ಸಮೇತ ಬಡಿಸಬೇಕಾಗುತ್ತಿತ್ತು.

ಬೆಳಿಗ್ಗೆ ಬಾಗಿಲು ತೆಗೆದಾಗ ಕಂಡ ದೃಶ್ಯ ವಿಚಿತ್ರ. ಕಾಲ್ ಸೂಪು ಗಟ್ಟಿಯಾಗಿ, ಪಾತ್ರೆ ಬೋರಲು ಹಾಕಿದರೂ ಅಲುಗದೆ, ಮೇಲೆ ತೆಳ್ಳನೆಯ ಕೊಬ್ಬಿನ ಹೊದಿಕೆ ಹೊದ್ದು, ಕೆಫೆಯ ಗಾಜಿನ ಕಪಾಟಿನಲ್ಲಿಡಲು ಯೋಗ್ಯವಾಗಿ ನಿಂತಿತ್ತು. ಕೇಕಿನ ಮೇಲಿನ ಪದರ ಮಾತ್ರ ತಟ್ಟೆಯನ್ನು ಬಗ್ಗಿಸಿದ ಕಡೆಗೆಲ್ಲ ಹರಿಯುತ್ತಿತ್ತು. ಒಂದೇ ಫ್ರಿಜ್ಜು, ಒಂದೇ ರಾತ್ರಿ, ಒಂದೇ ಚಳಿ. ಸೆಟ್ ಆಗಬೇಡ ಅಂದದ್ದು ಆಗಿದೆ, ಆಗು ಅಂತ ಬೇಡಿಕೊಂಡದ್ದು ಆಗಿಲ್ಲ.

ಹುಡುಗಿ ಮೊಬೈಲು ಜಾಲಾಡಿ ಕಾರಣ ಪತ್ತೆ ಮಾಡಿದಳು. ಪದರ ಗಟ್ಟಿಯಾಗಲೆಂದು ಅವಳು ಬೆರೆಸಿದ್ದ ಜೆಲಾಟಿನ್ ಒಂದು ಪ್ರೋಟೀನು. ಜೊತೆಗೆ ಹಾಕಿದ್ದ ಹಸಿ ಅನಾನಸ್ಸಿನಲ್ಲಿ ಬ್ರೋಮಲಿನ್ ಅಂತ ಒಂದು ಕಿಣ್ವ ಇದೆ. ಅದು ಪ್ರೋಟೀನನ್ನು ಕತ್ತರಿಸಿ ಹಾಕುತ್ತದೆ, ಹೀಗಾಗಿ ಜೆಲ್ಲಿ ಗಟ್ಟಿಯಾಗುವುದಿಲ್ಲ. ಪರಂಗಿಹಣ್ಣಿನಲ್ಲಿರುವ ಪಪೈನ್ ಕೂಡ ಅದೇ ಕುಲದ್ದು. ಹಣ್ಣನ್ನು ಕುದಿಸಿದರೆ ಕಿಣ್ವ ಸಾಯುತ್ತದೆ, ಡಬ್ಬಿಯ ಅನಾನಸ್ಸು ತೊಂದರೆ ಕೊಡದಿರುವುದು ಅದಕ್ಕೇ. ಇಷ್ಟನ್ನೂ ಅವಳು ಓದಿ ಹೇಳುತ್ತಿದ್ದರೆ ಮೂಲೆಯಲ್ಲಿ ಅವರೆಕಾಳು ಆರಿಸುತ್ತಿದ್ದ ಅವ್ವ ನಕ್ಕಳು.

"ಇದ ತಿಳ್ಕಳಕ್ಕೆ ಮೊಬೈಲ್ ಬ್ಯಾರೆ ಬೇಕಾ? ಬಲ್ತ ಮಟನ್ನು ಬೇಯ್ದೆ ಓದ್ರೆ ಒಂದ್ ತುಂಡು ಪರಂಗಿಕಾಯಿ ಹಾಕ್ತೀವಿ. ಮೂಳೆ ಬುಟ್ಟು ಮಾಂಸ ಬತ್ತದೆ. ಅಂಗೇ ಇದೂವೆ."

ಪಪೈನಿನ ವಿಷಯದಲ್ಲಿ ಅವ್ವನ ಅನುಭವ ನಲವತ್ತು ವರ್ಷ ಮೀರಿದ್ದು. ಆದರೆ ಅವಳು ಅಲ್ಲಿಗೇ ನಿಲ್ಲಿಸಲಿಲ್ಲ. ಒಂದು ಕ್ಷಣ ಬಿಟ್ಟು, ಮೊರ ಕೆಳಗಿಟ್ಟು ಕೇಳಿದಳು. "ಅಲ್ಲಾ ಮಗ, ಪರಂಗಿಕಾಯಿ ಮಾಂಸ ಕರಗಿಸ್ತದೆ ಸರಿ. ನಿನ್ ಕೇಕಲ್ಲಿ ಮಾಂಸ ಎಲ್ಲದೆ?"

ನಾನು ಪೊಟ್ಟಣ ತಿರುಗಿಸಿ ಓದಿದೆ. ಜೆಲಾಟಿನ್ ಬರುವುದೇ ಪ್ರಾಣಿಗಳ ಚರ್ಮ ಮತ್ತು ಮೂಳೆಯ ಕೊಲಾಜನ್ನಿನಿಂದ. ಸರಳವಾಗಿ ಹೇಳಬೇಕೆಂದರೆ ಕೇಕಿನ ಮೇಲಿದ್ದದ್ದು ಸಕ್ಕರೆ ಹಾಕಿದ ಕಾಲ್ ಸೂಪು. ಭಾನುವಾರ ಆದ್ದರಿಂದ ಯಾರಿಗೂ ಪಾಪ ಅಂಟಲಿಲ್ಲ. ಆದರೆ ನಿಜವಾದ ಕೇಕು ಯುಗಾದಿಯ ರಾತ್ರಿ ಫ್ರಿಜ್ಜಿಗೆ ಹೋಗಬೇಕು. ಯುಗಾದಿಯ ದಿನ ನಮ್ಮಲ್ಲಿ ಮೊಟ್ಟೆಯ ಹೆಸರನ್ನೂ ಎತ್ತುವುದಿಲ್ಲ. ಮಾರನೆಯ ದಿನ ಹೊಸತೊಡಕಿಗೆ ಕುರಿ, ಕೋಳಿ, ಬೋಟಿ, ತಲೆಮಾಂಸ ಯಾವುದನ್ನೂ ಬಿಡದ ಜನ, ಹಿಂದಿನ ದಿನದ ಮಡಿಯಲ್ಲಿ ಒಂದು ಚಮಚ ಜೆಲಾಟಿನ್ನಿಗೂ ಜಗ್ಗುವುದಿಲ್ಲ. "ಒಬ್ಬಟ್ಟು ಬೇಯೋ ಮನೇಲಿ ಮೂಳೆ ಪುಡಿ ಕಲಸ್ತೀರಾ?" ಅಂತ ಅವ್ವ ತೀರ್ಪು ಕೊಟ್ಟಳು.

ಹಾಗೆ ನನಗೆ ಜೆಲಾಟಿನ್ ಬದಲಿಗೆ ಚೈನಾ ಗ್ರಾಸ್ ತರುವ ಕೆಲಸ ಬಿತ್ತು. ಪೇಟೆಯ ದಿನಸಿ ಅಂಗಡಿಯಲ್ಲಿ ಕೇಳಿದೆ. ಕೆಲಸದ ಹುಡುಗ ನನ್ನ ಮುಖ ನೋಡಿ, ತೀರಾ ಮರ್ಯಾದೆಯಿಂದ, "ಮೇವಿನ ಬೀಜ ಎದುರುಗಡೆ ಅಂಗ್ಡೀಲಿ ಸಾರ್" ಅಂದ. ಎದುರುಗಡೆಯವರೂ ಅಷ್ಟೇ ಮರ್ಯಾದೆಯಿಂದ ನೇಪಿಯರ್ ಕಡ್ಡಿ ಬೇಕೋ, ಮೇವಿನ ಜೋಳ ಬೇಕೋ, ಎಷ್ಟು ಹಸು ಅಂತ ವಿಚಾರಿಸಿದರು. ಬೇಕರಿ ಸಾಮಾನು ಮಾರುವ ಕಡೆ ಕೊನೆಗೆ ಸಿಕ್ಕಿತು. ಹತ್ತು ಗ್ರಾಮಿನ ಪೊಟ್ಟಣ, ಒಳಗೆ ಬೆಳ್ಳನೆಯ ಒಣಕಲು ಎಳೆಗಳು. ಇದು ಸಮುದ್ರದ ಪಾಚಿಯಿಂದ ತೆಗೆದದ್ದು, ಹೆಸರು ಅಗರ್. ಒಂದು ಲೀಟರ್ ರಸಕ್ಕೆ ಒಂದು ಪೊಟ್ಟಣ ಸಾಕು. ನೆನೆಸಿ, ಕುದಿಸಿ, ಎಳೆ ಪೂರ್ತಿ ಕರಗಿಸಬೇಕು. ಇದರಲ್ಲಿ ಪ್ರೋಟೀನ್ ಇಲ್ಲದ್ದರಿಂದ ಅನಾನಸ್ಸಿನ ಆಟ ನಡೆಯುವುದಿಲ್ಲ. ಜೆಲಾಟಿನ್ ನಮ್ಮ ಬೇಸಿಗೆಯ ಕೋಣೆಯಲ್ಲೇ ಬೆವರಿ ಕರಗುತ್ತದೆ. ಅಗರ್ ಹಾಗಲ್ಲ, 40 ಡಿಗ್ರಿಯ ಹತ್ತಿರ ಗಟ್ಟಿಯಾದರೆ ಮತ್ತೆ ಕರಗಲು 85 ಬೇಕು. ಭಾವ ಈ ಅಂಕಿಗಳನ್ನು ಕೇಳಿದ ಮೇಲೆ ಮೊದಲ ಸಲ ಕೇಕಿನ ಕಡೆ ಗೌರವದಿಂದ ನೋಡಿದರು. "ಅಂಗಾರೆ ಇದು ಬ್ಯಾರನ್ನಲ್ಲೂ ನಿಂತ್ಕತದೆ" ಅಂದರು.

ಈ ಪಾಚಿಯ ಜೆಲ್ಲಿಯ ಹಿಂದೆ ಒಂದು ಅಡುಗೆಮನೆಯ ಕಥೆ ಇದೆ, ನನಗೆ ಬಹಳ ಇಷ್ಟದ್ದು. 1881ರ ಬರ್ಲಿನ್. ರಾಬರ್ಟ್ ಕಾಕ್‌ನ ಪ್ರಯೋಗಾಲಯದಲ್ಲಿ ವಾಲ್ಟರ್ ಹೆಸ್ಸೆ ಎಂಬ ವೈದ್ಯ ರೋಗಾಣುಗಳನ್ನು ಜೆಲಾಟಿನ್ ಮೇಲೆ ಬೆಳೆಸಲು ಒದ್ದಾಡುತ್ತಿದ್ದ. ಬೇಸಿಗೆಯಲ್ಲಿ ಅದು ನೀರಾಗುತ್ತಿತ್ತು, ಸಾಲದ್ದಕ್ಕೆ ಕೆಲವು ರೋಗಾಣುಗಳು ಅದನ್ನೇ ತಿಂದು ಕರಗಿಸುತ್ತಿದ್ದವು. ಅವನ ಹೆಂಡತಿ ಫ್ಯಾನಿ ಮಾಡುವ ಜೆಲ್ಲಿ, ಪುಡ್ಡಿಂಗುಗಳು ಮಾತ್ರ ಸೆಖೆಯಲ್ಲೂ ಗಟ್ಟಿ. ಗುಟ್ಟೇನೆಂದು ಕೇಳಿದಾಗ ಆಕೆ ಅಗರ್ ತೋರಿಸಿದಳು. ಜಾವಾದಲ್ಲಿ ಇದ್ದು ಬಂದ ಡಚ್ಚರ ನೆರೆಮನೆಯಿಂದ ಚಿಕ್ಕಂದಿನಲ್ಲಿ ಕಲಿತ ವಿದ್ಯೆ ಅದು. ಇವತ್ತಿಗೂ ಮೈಸೂರಿನ ಯಾವ ಲ್ಯಾಬಿಗೆ ಹೋಗಿ ಕಲ್ಚರ್ ಟೆಸ್ಟ್ ಮಾಡಿಸಿದರೂ ನಮ್ಮ ಕ್ರಿಮಿಗಳು ಬೆಳೆಯುವುದು ಆ ಹೆಣ್ಣುಮಗಳ ಪುಡ್ಡಿಂಗಿನ ಮೇಲೆ. ಮರು ವರ್ಷ ಕಾಕ್ ತನ್ನ ಕ್ಷಯರೋಗದ ಪ್ರಬಂಧದಲ್ಲಿ ಅಗರ್ ಹೆಸರು ಬರೆದ, ಆಕೆಯ ಹೆಸರು ಬರೆಯಲಿಲ್ಲ. ಇದನ್ನು ಊಟದ ಹೊತ್ತಿನಲ್ಲಿ ಹೇಳಿದೆ. "ಅಡುಗೆ ಮಾಡಿದವರ ಹೆಸರು ಯಾರು ಬರೀತಾರೆ" ಅಂತ ಹೆಂಡತಿ ಪಲ್ಯ ಬಡಿಸುತ್ತ ಅಂದಳು. ನಾನು ವಿಷಯ ಬದಲಿಸಿದೆ.

ತಳಕ್ಕೆ ಏನು ಹಾಕಬೇಕು ಅನ್ನುವುದು ಮುಂದಿನ ಚರ್ಚೆ. ನನ್ನ ಮತ ಅಯ್ಯಂಗಾರ್ ಬೇಕರಿಯ ಹನಿಕೇಕಿಗೆ. ಕನ್ನಡಿಗರಿಗೆ ಕೇಕು ಅಂದರೆ ಏನೆಂದು ಕಲಿಸಿದ್ದೇ ಹಾಸನ ಸೀಮೆಯ ಅಯ್ಯಂಗಾರರು. 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆದ ಮೇಲೆ ಅವರ ಒಲೆಯ ಕಾವು ಹೋಬಳಿ ಹೋಬಳಿಗೂ ಹಬ್ಬಿತು. ಸಕ್ಕರೆ ಪಾಕದಲ್ಲಿ ಮಿಂದು, ಕೆಂಪು ಜಾಮು ಬಳಿದುಕೊಂಡು, ಕೊಬ್ಬರಿ ತುರಿ ಹೊದ್ದು, ಬಟರ್ ಪೇಪರಿಗೆ ಅಂಟಿಕೊಂಡಿರುವ ಆ ಚೌಕದ ತುಂಡನ್ನು ಪೇಪರು ನೆಕ್ಕುವ ತನಕ ತಿನ್ನದ ಬಾಲ್ಯ ನಮ್ಮ ಕಡೆ ಇಲ್ಲ. ಹುಡುಗಿ ಒಪ್ಪಲಿಲ್ಲ, ಅದು ಬೇಯಿಸಿದ್ದು, ನಿಯಮಕ್ಕೆ ವಿರುದ್ಧವಂತೆ. ಹಾಗಾಗಿ ಮಾರಿ ಬಿಸ್ಕತ್ತೇ ಗೆದ್ದಿತು. 1874ರಲ್ಲಿ ರಷ್ಯದ ರಾಜಕುಮಾರಿ ಮರಿಯಾ ಇಂಗ್ಲೆಂಡಿನ ರಾಣಿಯ ಮಗನನ್ನು ಮದುವೆಯಾದಾಗ ಲಂಡನ್ನಿನ ಕಂಪನಿಯೊಂದು ಅವಳ ಹೆಸರಿನಲ್ಲಿ ಮಾಡಿದ ಬಿಸ್ಕತ್ತು ಅದು. ನಮ್ಮ ಕಡೆ ಜ್ವರ ಬಂದವರಿಗೆ ಮೀಸಲು. ಇನ್ನೂರು ಗ್ರಾಂ ಬಿಸ್ಕತ್ತನ್ನು ಒರಳಲ್ಲಿ ಕುಟ್ಟಿ, ನೂರು ಗ್ರಾಂ ಬೆಣ್ಣೆ ಕಲಸಿ, ತಟ್ಟೆಗೆ ಒತ್ತಿದ್ದಾಯಿತು. ನಡುವಿನ ಪದರಕ್ಕೆ ಕಟ್ಟಿದ ಮೊಸರು ಬೇಕಿತ್ತು. ಮೊಸರು ಕಟ್ಟಲು ತೆಳುಬಟ್ಟೆ ಸಿಗದೆ ಮಾವನವರಿಗೆ ಹಬ್ಬಕ್ಕೆಂದು ತಂದಿದ್ದ ಹೊಸ ಪಂಚೆ ತೊಟ್ಟಿಲ ಕೊಂಡಿಗೆ ನೇತುಬಿತ್ತು. ಬೆಳಿಗ್ಗೆ ಬಂದ ಮಾವನವರು ಅದರಿಂದ ತೊಟ್ಟಿಕ್ಕುತ್ತಿದ್ದ ನೀರನ್ನು ನೋಡಿ, "ಮಗು ಯಾರದು?" ಅಂತ ಸಂಭ್ರಮದಿಂದ ಕೇಳಿದರು.

ಹಣ್ಣಿನ ವಿಚಾರ ಬಂದಾಗ ತಾಲ್ಲೂಕು ಅಭಿಮಾನ ಎದ್ದು ನಿಂತಿತು. ಮಾವಿನ ಕಾಲ ಇನ್ನೂ ಬಂದಿರಲಿಲ್ಲ, ಬಂದಿದ್ದರೆ ರಸಪುರಿಯ ಮುಂದೆ ಉಳಿದವರೆಲ್ಲ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಪಿರಿಯಾಪಟ್ಟಣದಿಂದ ಹಿತ್ತಲಿನ ಪರಂಗಿಹಣ್ಣು ಬಂತು. ಕೆ.ಆರ್. ನಗರದಿಂದ ಕರಬೂಜ, ಜೊತೆಗೆ ಯಾರೂ ಕೇಳದಿದ್ದರೂ ಒಂದು ಮೂಟೆ ಅಕ್ಕಿ. ಹುಣಸೂರಿನ ಪಾಲಿಗೆ ರಸ್ತೆ ಬದಿಯ ಗುಡ್ಡೆಯಿಂದ ಬೆರಳಲ್ಲಿ ತಟ್ಟಿ ತಟ್ಟಿ ಆರಿಸಿದ ಕಲ್ಲಂಗಡಿ. ಎಚ್.ಡಿ. ಕೋಟೆಯ ಷಡ್ಡಕ ಮಾತ್ರ ರಾಜನ ಹಾಗೆ ಇಳಿದ. ಒಂದು ಗೊನೆ ಬಾಳೆ, ಬಾವಲಿ ರಸ್ತೆಯಲ್ಲಿ ಕೊಂಡ ಕೇರಳದ ಅನಾನಸ್ಸು, ಒಂದು ಬಾಟಲಿ ಕಾಡುಜೇನು. ಗೊನೆಯ ಅರ್ಧ ಭಾಗ ಇರಲಿಲ್ಲ. "ಆನೆ ಪಾಲು ಕೊಟ್ಟು ತಂದಿದೀನಿ" ಅಂದ. ಬೇಸಿಗೆಯ ಸಮಾವೇಶ ಅಂದರೆ ನಿಜವಾಗಿ ಅವನ ತಾಲ್ಲೂಕಿನದೇ. ಕಾಡು ಒಣಗಿದಾಗ 1974ರ ಕಬಿನಿ ಅಣೆಕಟ್ಟಿನ ಹಿನ್ನೀರು ಇಳಿದು, ಬಯಲಾದ ಕಡೆ ಹಸಿರು ಹುಲ್ಲು ಚಿಗುರುತ್ತದೆ. ಆನೆಗಳು ಹಿಂಡು ಹಿಂಡಾಗಿ ಅಲ್ಲಿಗೆ ಬಂದು ಸೇರುತ್ತವೆ. ನೆಂಟರನ್ನು ಒಂದೆಡೆ ಸೇರಿಸಲು ಅವಕ್ಕೆ ಕೇಕು ಬೇಕಾಗಿಲ್ಲ, ಫ್ರಿಜ್ಜೂ ಬೇಕಾಗಿಲ್ಲ.

ಎಲ್ಲ ಹಣ್ಣನ್ನೂ ಹಾಕಲೇಬೇಕು, ಯಾವುದನ್ನು ಬಿಟ್ಟರೂ ಆ ತಾಲ್ಲೂಕು ಮುನಿಸಿಕೊಳ್ಳುತ್ತದೆ. ಹೀಗಾಗಿ ಗಾಜಿನಂತೆ ಹೊಳೆಯಬೇಕಾದ ಪದರ ಹಣ್ಣಿನ ಸಂತೆಯಾಯಿತು. ಕಲ್ಲಂಗಡಿ ನೀರು ಬಿಟ್ಟಿತು, ಬಾಳೆ ಕಪ್ಪಾಗತೊಡಗಿತು, ನಿಂಬೆರಸ ಹಿಂಡಿ ಅದರ ಬಣ್ಣ ಕಾಪಾಡಿದರು. ಯುಗಾದಿಯ ರಾತ್ರಿ ಹೊಸ ಚಂದ್ರನನ್ನು ನೋಡಿ, ಹಿರಿಯರ ಕಾಲಿಗೆ ಬಿದ್ದು, ಕೇಕನ್ನು ಫ್ರಿಜ್ಜಿನಲ್ಲಿಟ್ಟು ಬಾಗಿಲು ಹಾಕಿದರು. ಹತ್ತು ನಿಮಿಷಕ್ಕೆ ಕರೆಂಟು ಹೋಯಿತು.

ಆಮೇಲಿನದು ಕಾವಲಿನ ರಾತ್ರಿ. ಬಾಗಿಲು ತೆಗೆದರೆ ಇರುವ ತಂಪೂ ಹೋಗುತ್ತದೆ, ತೆಗೆಯದೆ ಒಳಗೇನಾಗಿದೆ ಗೊತ್ತಾಗುವುದಿಲ್ಲ. ಮಕ್ಕಳು ನೀರಿನ ನೆಪದಲ್ಲಿ, ದೊಡ್ಡವರು ಮಕ್ಕಳನ್ನು ಗದರುವ ನೆಪದಲ್ಲಿ ಬಾಗಿಲಿಗೆ ಬರುತ್ತಿದ್ದರು. ಕೊನೆಗೆ ಭಾವ ಒಂದು ಚಾಪೆ ತಂದು ಫ್ರಿಜ್ಜಿಗೆ ಅಡ್ಡ ಹಾಸಿ ಮಲಗಿಬಿಟ್ಟರು. ಬ್ಯಾರನ್ ಮುಂದೆ ಕಾದು ಅಭ್ಯಾಸವಿದ್ದ ಜೀವ. ನಡುರಾತ್ರಿ ಎದ್ದು ಬಾಗಿಲ ಮೇಲೆ ಅಂಗೈ ಇಟ್ಟು, "ತೊಂದ್ರೆ ಇಲ್ಲ, ಇನ್ನೂ ಹದದಲ್ಲದೆ" ಅಂತ ವರದಿ ಕೊಟ್ಟು ಮತ್ತೆ ಮಲಗಿದ್ದನ್ನು ನಾನೇ ಕೇಳಿದ್ದೇನೆ.

ಹೊಸತೊಡಕಿನ ಊಟ ಹೇಗಿತ್ತೆಂದು ವರ್ಣಿಸಲು ಇನ್ನೊಂದು ಪ್ರಬಂಧವೇ ಬೇಕು. ಮುದ್ದೆ, ಕೈಮದುಂಡೆ ಸಾರು, ಬೋಟಿ ಗೊಜ್ಜು, ತಲೆಮಾಂಸದ ಹುರುಕಲು ಮುಗಿದು ಜನ ಗೋಡೆಗೊರಗಿದ ಹೊತ್ತಿಗೆ ಕೇಕು ಹೊರಬಂತು. ಅಗರ್ ಮಾತು ಉಳಿಸಿಕೊಂಡಿತ್ತು, ಹಣ್ಣಿನ ಪದರ ಸ್ವಲ್ಪವೂ ಕದಲಿರಲಿಲ್ಲ. ಮೊಸರು ಮಾತ್ರ ಒಂದಿಷ್ಟು ಸಡಿಲಾಗಿತ್ತು. ಭಾವ ತುಂಡನ್ನು ಬೆಳಕಿಗೆ ಹಿಡಿದು, ಮೂಸಿ, ಬೆರಳಲ್ಲಿ ಒತ್ತಿ ನೋಡಿ, "ಬ್ರೈಟ್ ಗ್ರೇಡು" ಅಂತ ಘೋಷಿಸಿದರು. ಮಾವನವರು ತುಪ್ಪದ ಗಿಂಡಿ ತರಿಸಿ ಮೇಲೆ ಒಂದು ಮಿಳ್ಳೆ ಹಾಕಿಸಿಕೊಂಡರು. ಸಿಹಿ ಅಂದ ಮೇಲೆ ತುಪ್ಪ ಇಲ್ಲದೆ ಹೇಗೆ ಅನ್ನುವುದು ಅವರ ವಾದ. ತಣ್ಣನೆಯ ಜೆಲ್ಲಿಗೆ ಬಿದ್ದ ತುಪ್ಪ ಅಲ್ಲೇ ಹೆಪ್ಪುಗಟ್ಟಿ ಕೇಕಿಗೆ ನಾಲ್ಕನೆಯ ಪದರವಾಯಿತು. ಅವ್ವನಿಗೆ ಸಕ್ಕರೆಯ ಲೆಕ್ಕದಲ್ಲಿ ಒಂದು ಚೂರು ಮಾತ್ರ. ಬಾಯಿಗಿಟ್ಟು, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಸುಮ್ಮನಿದ್ದಳು. ಹುಡುಗಿ ಉಸಿರು ಬಿಗಿಹಿಡಿದು ನಿಂತಿದ್ದಳು.

"ಚೆಂದಾಗದೆ ಕಣ್ಮಗ. ಹಲ್ಲು ಜುಮ್ಮಂತದೆ. ಒಸಿ ಬಿಸಿ ಮಾಡ್ಕೊಂಡ್ ಬಾ."

ತಟ್ಟೆ ಖಾಲಿಯಾದ ಮೇಲೆ ಭಾವ ನನ್ನನ್ನು ಪಕ್ಕಕ್ಕೆ ಕರೆದರು. ಮೇ ತಿಂಗಳಲ್ಲಿ ಅವರ ತಮ್ಮನ ಗೃಹಪ್ರವೇಶ. ನಾನೂರು ಜನ. ಎಲ್ಲರಿಗೂ ಈ ಕೇಕೇ ಆಗಬೇಕಂತೆ. ಅಷ್ಟಕ್ಕೆ ಫ್ರಿಜ್ಜು ಎಲ್ಲಿಂದ ತರುವುದು, ಆಗುವ ಮಾತಲ್ಲ ಅನ್ನಲು ಹೋಗಿ, ಹಿಂದೆ ಫ್ರಿಜ್ಜಿಲ್ಲದ ಕಾಲದಲ್ಲಿ ಅಮೆರಿಕದಿಂದ ಹಡಗಿನಲ್ಲಿ ಐಸು ತರಿಸುತ್ತಿದ್ದರು ಅಂತ ಮಾತು ಹೊರಳಿಸಿದೆ. 1833ರ ಮೇ ತಿಂಗಳಲ್ಲಿ ಬಾಸ್ಟನ್ ಬಿಟ್ಟ 'ಟಸ್ಕನಿ' ಹಡಗು ನಾಲ್ಕು ತಿಂಗಳ ಮೇಲೆ ಕಲ್ಕತ್ತ ಮುಟ್ಟಿದಾಗ, ತುಂಬಿದ್ದ 180 ಟನ್ನಿನಲ್ಲಿ ನೂರು ಟನ್ನಿನಷ್ಟು ಕರಗದೆ ಉಳಿದಿತ್ತು. ಮದರಾಸಿನ ಕಡಲ ದಂಡೆಯ ಐಸ್ ಹೌಸು ಕೂಡ ಅದೇ ವ್ಯಾಪಾರಕ್ಕೆ ಕಟ್ಟಿದ್ದು ಅಂದೆ.

ಭಾವ ಕಿವಿ ನೆಟ್ಟಗೆ ಮಾಡಿದರು. "ಕರಗದಂಗೆ ಏನ್ ಹಾಕಿದ್ರು?"

"ಮರದ ಹೊಟ್ಟು."

"ಹುಣಸೂರಲ್ಲಿ ಮರದ ಹೊಟ್ಟಿಗೇನ್ ಬರವಾ? ನಮ್ಮ ಬ್ಯಾರನ್ನು ಮಳೆಗಾಲ ಬರೋಗಂಟ ಖಾಲಿನೇ. ದಪ್ಪ ಗೋಡೆ, ಒಂದೇ ಬಾಗ್ಲು. ಬಿಸಿ ಆಚೆ ಬುಡದಂಗೆ ಕಟ್ಟಿರೋದು ಚಳಿನೂ ಬುಡಕಿಲ್ಲ. ಮೈಸೂರಿಂದ ಒಂದು ಲೋಡು ಐಸು ಇಳಿಸಿದ್ರೆ ಆಯ್ತು."

"ಕೇಕೆಲ್ಲ ಹೊಗೆಸೊಪ್ಪಿನ ವಾಸ್ನೆ ಹೊಡಿಯುತ್ತೆ ಅಪ್ಪ!" ಅಂತ ಹುಡುಗಿ ಒಳಗಿನಿಂದ ಚೀರಿದಳು.

"ಗಂಡಸ್ರು ಇನ್ನೊಂದ್ ತುಂಡು ಕೇಳ್ತಾರೆ ಬುಡು" ಅಂತ ಭಾವ ಜೇಬಿನಿಂದ ಫೋನು ತೆಗೆದು ಐಸ್ ಫ್ಯಾಕ್ಟರಿಯವರ ನಂಬರು ಯಾರ ಹತ್ತಿರ ಇದೆ ಅಂತ ವಿಚಾರಿಸಲು ಹೊರಗೆ ನಡೆದರು.